ಪ್ಯಾರೆಜಾನ್ ಕೊಟ್ಟ ಸಾಕ್ಷಿ

ಹಳೇಬೀಡಿನ ಬಸ್‌ಸ್ಟ್ಯಾಂಡ್ ಪಕ್ಕ ಸೈಕಲ್ ಶಾಪ್ ಇಟ್ಟಿದ್ದ ಪ್ಯಾರೆಜಾನ್ ಸಾಬರಿಗೆ ಊರಿನಲ್ಲಿ ಹೆಸರು ಬಂದದ್ದು ಅವರ ಕಣ್ಣಿನಿಂದ. ಚಕ್ರವನ್ನು ಎತ್ತಿ ಹಿಡಿದು ಒಮ್ಮೆ ತಿರುಗಿಸಿದರೆ ಸಾಕು, ರಿಮ್ ಎಲ್ಲಿ ಬೆಂಡಾಗಿದೆ, ಯಾವ ಕಡ್ಡಿ ಬಿಗಿ ಮಾಡಬೇಕು ಎಂದು ನೋಡಿಯೇ ಹೇಳುತ್ತಿದ್ದರು. ರಂಜಾನ್ ತಿಂಗಳ ಕೊನೆಗೆ ಆ ಕಣ್ಣಿಗೆ ಇನ್ನೊಂದು ಕೆಲಸ ಬೀಳುತ್ತಿತ್ತು. ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ ಚಂದ್ರ ಕಂಡರೆ ಮರುದಿನ ಹಬ್ಬ, ಕಾಣದಿದ್ದರೆ ಇನ್ನೊಂದು ಉಪವಾಸ. ಮೋಡವಿದ್ದರೆ ನಂಬಿಕಸ್ತರಾದ ಇಬ್ಬರು ಕಂಡೆವೆಂದು ಸಾಕ್ಷಿ ಹೇಳಬೇಕು. ಅನೇಕ ವರ್ಷ ಆ ಇಬ್ಬರಲ್ಲಿ ಒಬ್ಬರು ಪ್ಯಾರೆಜಾನರೇ ಆಗಿದ್ದರು.

ಅವರಿಗೆ ಒಂದು ಅಭ್ಯಾಸವಿತ್ತು. ಅರಸೀಕೆರೆಯಲ್ಲಿ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಅಲ್ಲಿನ ಮಸೀದಿಯ ವೃದ್ಧ ಉಸ್ತಾದರೊಬ್ಬರು ಹಚ್ಚಿಸಿದ್ದು. ದಿನದ ಕೊನೆಯ ನಮಾಜು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ತನ್ನನ್ನು ತಾನೇ ವಿಚಾರಿಸಿಕೊಳ್ಳುವುದು. ಮುಹಾಸಬಾ ಎನ್ನುತ್ತಾರೆ ಅದಕ್ಕೆ. ಉಸ್ತಾದರು ಹೇಳಿಕೊಟ್ಟ ಕ್ರಮ ಹೀಗಿತ್ತು: “ಇಡೀ ಮನುಷ್ಯನ್ನ ಒಟ್ಟಿಗೇ ಕೇಳಿದ್ರೆ ಸುಳ್ಳು ಹೇಳ್ತಾನೆ ಕಣಪ್ಪ. ಕಣ್ಣನ್ನ ಬೇರೆ ಕೇಳು, ಕಿವೀನ ಬೇರೆ ಕೇಳು, ನಾಲಿಗೇನ ಬೇರೆ ಕೇಳು. ಕೊನೇಲಿ ಮನಸ್ಸನ್ನ ಕೇಳು, ಯಾಕೆ ಅಂತ.” ಪ್ಯಾರೆಜಾನ್ ಮೂವತ್ತು ವರ್ಷ ಹಾಗೆಯೇ ಕೇಳುತ್ತ ಬಂದಿದ್ದರು. ಆದರೆ ಆ ಸಲದ ರಂಜಾನಿನಲ್ಲಿ, ರಾತ್ರಿಯ ತರಾವೀಹ್ ನಮಾಜು ಮುಗಿಯುವಷ್ಟರಲ್ಲಿ ಸುಸ್ತಾಗಿ, ಆ ಪವಿತ್ರ ತಿಂಗಳಲ್ಲೇ ಅದು ತಪ್ಪಿಹೋಗಿತ್ತು.

ಅದು ತೊಂಬತ್ತರ ದಶಕದ ಕೊನೆಯ ಒಂದು ಜನವರಿ. ಇಪ್ಪತ್ತೊಂಬತ್ತನೆಯ ಉಪವಾಸದ ದಿನ ಮಧ್ಯಾಹ್ನ, ಬಸ್ತಿಹಳ್ಳಿಯ ಪದ್ಮಕುಮಾರ ಹಿಂದಿನ ವಾರ ರಿಪೇರಿಯಾಗಿದ್ದ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಇಬ್ಬರದೂ ಹಳೆಯ ಸ್ನೇಹ.

“ಏನ್ ಸಾಬ್ರೇ, ಚಕ್ರ ಇನ್ನೂ ಓಲಾಡ್ತೈತಲ್ರೀ?”

“ಚಕ್ರ ಸರಿಯಾಗೈತೆ. ಹತ್ತೋರ ಭಾರ ಒಂದೇ ಕಡೆ ಬಿದ್ರೆ ನಾನೇನ್ ಮಾಡ್ಲಿ?”

“ನನ್ನ ಹೊಟ್ಟೆ ಮೇಲ್ ಹಾಕ್ಬೇಡಿ. ವಯಸ್ಸಾಯ್ತು, ಒಂದು ಕನ್ನಡಕ ಹಾಕ್ಕೊಳಿ ಅತ್ಲಾಗೆ.”

ಅಂಗಡಿಯ ಮುಂದೆ ನಿಂತಿದ್ದವರೆಲ್ಲ ನಕ್ಕರು. ಪ್ಯಾರೆಜಾನರೂ ನಕ್ಕರು. ನಗು ನಿಂತ ಮೇಲೂ ಆ ಮಾತು ಒಳಗೇ ಉಳಿಯಿತು.

ಸಂಜೆ ಜನ ಕೆರೆ ಏರಿಯ ಮೇಲೆ ಸೇರಿದರು. ಖರ್ಜೂರ ಬಾಯಿಗೆ ಹಾಕಿಕೊಂಡು ಉಪವಾಸ ಬಿಟ್ಟು, ಬೇಲೂರು ಕಡೆಯ ಗುಡ್ಡಗಳ ಮೇಲೆ ಕಣ್ಣು ನೆಟ್ಟರು. ಅಲ್ಲಿ ಮೋಡದ ಪಟ್ಟಿ. “ಪ್ಯಾರೆಜಾನ್ ಮಾಮು, ಕಾಣ್ತದಾ?” ಎಂದು ನಾಲ್ಕು ಕಡೆಯಿಂದ ಕೂಗು. ಮೋಡದ ನಡುವೆ ಕ್ಷಣಕಾಲ ಒಂದು ಬಿಳಿ ಗೆರೆ ಹೊಳೆದು ಮಾಯವಾಯಿತು.

“ಅಗೋ!” ಎಂದರು ಪ್ಯಾರೆಜಾನ್.

“ಹೌದೌದು, ನಾನೂ ಕಂಡೆ!” ಎಂದ ಪಕ್ಕದಲ್ಲಿದ್ದ ಕೋಳಿ ಅಂಗಡಿಯ ನವಾಜ್.

ಮಸೀದಿಯಲ್ಲಿ ಇಬ್ಬರೂ ಸಾಕ್ಷಿ ಹೇಳಿದರು. ಇಮಾಮರಾದ ಹಜರತ್ ಮೈಕಿನಲ್ಲಿ ಮೊದಲು ಪ್ಯಾರೆಜಾನ್ ಸಾಹೇಬರ ಹೆಸರು ಹೇಳಿ, ಆಮೇಲೆ ಹಬ್ಬವನ್ನು ಸಾರಿದರು. ಬೇಲೂರಿನಲ್ಲಿ ಚಂದ್ರ ಕಂಡಿರಲಿಲ್ಲ, ಅರಸೀಕೆರೆಯಲ್ಲೂ ಇಲ್ಲ. ಸುದ್ದಿ ತಿಳಿದ ಬೇಲೂರಿನ ಹಿರಿಯರು, ತಾವೇ ಬಂದು ಸಾಕ್ಷಿಯ ಮಾತು ಕೇಳಿಕೊಳ್ಳುವುದಾಗಿ ಫೋನ್ ಮಾಡಿ ಜೀಪಿನಲ್ಲಿ ಹೊರಟರು. ಅವರು ಒಪ್ಪಿದರೆ ಬೇಲೂರಿನಲ್ಲೂ ನಾಳೆಯೇ ಹಬ್ಬ.

ಜನ ಪೇಟೆಗೆ ಓಡಿದರು. ಖಾಲಿಯಾದ ಮಸೀದಿಯಲ್ಲಿ ಜೀಪಿಗಾಗಿ ಕಾಯುತ್ತ ಪ್ಯಾರೆಜಾನ್ ಒಬ್ಬರೇ ಕುಳಿತರು. ಬೇಲೂರಿನವರ ಮುಂದೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳಲು ಹೊರಟಾಗ, ಬಿಟ್ಟುಹೋಗಿದ್ದ ಅಭ್ಯಾಸ ತಾನಾಗಿ ಮರಳಿತು. ಮೊದಲು ಕಣ್ಣನ್ನು ಕೇಳಿದರು: ನೀನು ಕಂಡದ್ದೇನು?

ಗೆರೆ. ತೆಳು, ಬಿಳಿ, ಬಾಗಿದ್ದು. ಬಾಗು ಯಾವ ಕಡೆಗಿತ್ತು? ಮೇಲಕ್ಕೆ. ಕಮಾನಿನ ಹಾಗೆ, ತುದಿಗಳೆರಡೂ ಗುಡ್ಡದ ಕಡೆ ಇಳಿದಿದ್ದವು.

ಪ್ಯಾರೆಜಾನ್ ಕಣ್ಣನ್ನು ಅಲ್ಲೇ ತಡೆದರು. ಸೂರ್ಯ ಆಗಷ್ಟೇ ಕೆಳಗೆ ಮುಳುಗಿದ್ದ. ಚಂದ್ರನ ಬೆಳಗುವ ಬದಿ ಯಾವಾಗಲೂ ಸೂರ್ಯನ ಕಡೆಗಿರುತ್ತದೆ. ಹಬ್ಬದ ಚಂದ್ರ ದೋಣಿಯ ಹಾಗೆ ತುದಿಗಳನ್ನು ಮೇಲೆತ್ತಿ ಮಲಗಿರಬೇಕು. ಅವರು ಹುಟ್ಟಿದಾಗಿನಿಂದ ಕಂಡದ್ದೆಲ್ಲ ಹಾಗೆಯೇ. ತಲೆಕೆಳಗಾದ ಚಂದ್ರ ಇರುವುದಿಲ್ಲ. ಅದು ಬಿಸಿಲು ತಾಗಿದ ಮೋಡದ ಅಂಚು.

ಹಾಗಾದರೆ ಕಣ್ಣು ಸರಿಯಾಗಿಯೇ ನೋಡಿತ್ತು. ಸುಳ್ಳು ಹೇಳಿದ್ದು ನಾಲಿಗೆ. ಯಾಕೆ? ಮನಸ್ಸು ಬೇಗ ಬಾಯಿ ಬಿಡಲಿಲ್ಲ. ಬಿಟ್ಟಾಗ ಬಂದದ್ದು ಚಂದ್ರನ ಮಾತಲ್ಲ, ಕನ್ನಡಕದ ಮಾತು. ನನ್ನ ಕಣ್ಣು ಹೋಗಿಲ್ಲ ಎಂದು ಊರಿಗೆ ತೋರಿಸಬೇಕಾಗಿತ್ತು. ಮೈಕಿನಲ್ಲಿ ಹೆಸರು ಕೇಳಿದಾಗ ಎದೆಯಲ್ಲಿ ಎಷ್ಟು ಸಿಹಿಯಾಗಿತ್ತು! ಆ ಸಿಹಿಗಾಗಿ ಒಂದು ಊರಿನ ಉಪವಾಸವನ್ನೇ ಮುರಿಸಲು ಹೊರಟಿದ್ದರು.

ಎದ್ದು ಹಜರತ್ತರ ಕೋಣೆಗೆ ಹೋದರು.

“ಹಜರತ್, ನಾನು ಚಂದ್ರ ನೋಡ್ಲಿಲ್ಲ.”

ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವರಾದ ಹಜರತ್ ಗಾಬರಿಯಾದರು. ಪ್ಯಾರೆಜಾನ್ ಬಾಗಿನ ವಿಷಯ ಬಿಡಿಸಿ ಹೇಳಿದರು. ಹಜರತ್ ನವಾಜನನ್ನು ಕರೆಸಿದರು. ಅವನು ತಲೆ ತಗ್ಗಿಸಿ, “ಮಾಮು ಅಗೋ ಅಂದ್ರು. ಅವರಿಗೆ ಕಂಡ್ಮೇಲೆ ನನಗೆ ಕಾಣಲ್ಲ ಅನ್ನೋಕಾಯ್ತದಾ?” ಎಂದ.

ಹಜರತ್ ಅವನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. “ಪ್ಯಾರೆಜಾನ್ ಭಾಯ್, ಮೋಡದಿಂದ ಸಂದೇಹ ಬಂತು ಅಂತ ನಾನೇ ಹೇಳಿಬಿಡ್ತೀನಿ. ನಿಮ್ಮ ಹೆಸರು ಬೇಡ.”

“ಮೋಡ ಏನೂ ತಪ್ಪು ಮಾಡ್ಲಿಲ್ಲ ಹಜರತ್. ಮೈಕ್ ಕೊಡಿ.”

ಬೇಲೂರಿನ ಜೀಪು ಬಾಗಿಲಿಗೆ ಬಂದು ನಿಂತಾಗ ಪ್ಯಾರೆಜಾನರ ದನಿ ಊರ ಮೇಲೆ ಕೇಳುತ್ತಿತ್ತು. ತಾನು ಕಂಡದ್ದು ಚಂದ್ರನಲ್ಲ, ತನ್ನ ಹೆಮ್ಮೆಗಾಗಿ ಹಾಗೆ ಹೇಳಿದೆ, ನಾಳೆ ಉಪವಾಸ ಇದೆ, ದಯವಿಟ್ಟು ಕ್ಷಮಿಸಿ. ಪೇಟೆಯಲ್ಲಿ ಯಾರೋ ಕೂಗಿ ಬೈದರು. ಹಬ್ಬಕ್ಕೆ ಮಾಂಸ ಕಡಿದಿಟ್ಟಿದ್ದವರು ಮಸೀದಿಯವರೆಗೂ ಬಂದು ಜಗಳ ತೆಗೆದರು. ಆಮೇಲೆ ಎಲ್ಲರೂ ತರಾವೀಹ್‌ಗೆ ಸಾಲಾಗಿ ನಿಂತರು.

ನಮಾಜಾದ ಮೇಲೆ ಬೇಲೂರಿನ ಹಿರಿಯರೊಬ್ಬರು ಅವರ ಎರಡೂ ಕೈ ಹಿಡಿದುಕೊಂಡು, “ಇಂಥ ಸತ್ಯವಂತರನ್ನ ನಾನು ನೋಡೇ ಇಲ್ಲ. ನಮ್ಮೂರಿಗೆ ಬಂದು ಜನಕ್ಕೆ ಒಂದೆರಡು ಮಾತು ಹೇಳ್ಬೇಕು ನೀವು” ಎಂದರು. ಸುತ್ತ ನಿಂತವರು ತಲೆದೂಗಿದರು. ಪ್ಯಾರೆಜಾನರಿಗೆ ಎದೆಯಲ್ಲಿ ಏನೋ ಅರಳಿದಂತಾಯಿತು. ಮರುಕ್ಷಣವೇ ಗುರುತು ಸಿಕ್ಕಿತು. ಸಂಜೆ ಮೈಕಿನಲ್ಲಿ ಹೆಸರು ಕೇಳಿದಾಗ ಆದದ್ದೂ ಇದೇ ಸಿಹಿ, ಒಂದಿಷ್ಟೂ ಬೇರೆಯಲ್ಲ.

“ಬೇಡ, ನನ್ನ ವಿಚಾರಣೆ ಇನ್ನೂ ಮುಗಿದಿಲ್ಲ” ಎಂದು ಮೆಲ್ಲಗೆ ಕೈ ಬಿಡಿಸಿಕೊಂಡರು. ಜನ ಚದುರುವವರೆಗೆ ಕಾದು, ಹಿಂದಿನ ಗೋಡೆಯ ಪಕ್ಕ ಹೋಗಿ ಮೊದಲಿನಿಂದ ಕೇಳಲು ಕುಳಿತರು.