ಆಟದ ಪೆಟ್ಟಿಗೆಗೆ ನಾನು ಕಟ್ಟಿದ ಬೆಲೆ

ಟಿವಿಯ ರಿಮೋಟಿಗೆ ಪ್ಲಾಸ್ಟಿಕ್ ಹೊದಿಕೆ ತೊಡಿಸದ ಮನೆಯನ್ನು ನಮ್ಮ ಕಡೆ ನಾನಿನ್ನೂ ಕಂಡಿಲ್ಲ. ಹೊದಿಕೆ ಮಾಸಿ, ಗುಂಡಿಗಳ ಮೇಲಿನ ಅಂಕಿಗಳು ಅಂತರ್ಧಾನವಾದರೂ ಅದನ್ನು ಕಳಚುವ ಧೈರ್ಯ ಯಾರಿಗೂ ಇರುವುದಿಲ್ಲ. ವಸ್ತು ಎಷ್ಟು ದುಬಾರಿಯೋ ಅಷ್ಟು ಹೊದಿಕೆ, ಎಷ್ಟು ಹೊದಿಕೆಯೋ ಅಷ್ಟು ಕಡಿಮೆ ಬಳಕೆ ಎಂಬುದು ನನ್ನ ಸ್ವಂತ ಸಿದ್ಧಾಂತ. ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಅರ್ಥಶಾಸ್ತ್ರ ಬೋಧಿಸುತ್ತ, ಬೇಡಿಕೆಯ ರೇಖೆಯನ್ನು ಕಣ್ಣು ಮುಚ್ಚಿಯೂ ಎಳೆಯಬಲ್ಲ ನಾನು ಇದನ್ನು ಕಲಿತದ್ದು ಗ್ರಂಥಗಳಿಂದಲ್ಲ, ನಮ್ಮ ನಡುಮನೆಯಲ್ಲಿ ಪ್ರತಿಷ್ಠಾಪಿತವಾದ ಒಂದು ಗೇಮ್ ಕನ್ಸೋಲಿನಿಂದ.

ಟಿವಿಗೆ ಜೋಡಿಸಿ ಆಡುವ ಆ ಪೆಟ್ಟಿಗೆ ನಮ್ಮ ಮನೆಗೆ ಬಂದ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ಹೋದ ವರ್ಷ ನನಗೆ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ವರ್ಗವಾಯಿತು. ನನಗೇನೂ ನಷ್ಟವಾಗಲಿಲ್ಲ, ಅಲ್ಲಿ ತೂಕಡಿಸುತ್ತಿದ್ದ ವಿದ್ಯಾರ್ಥಿಗಳ ಬದಲು ಇಲ್ಲಿ ಬೇರೆಯವರು ತೂಕಡಿಸಿದರು, ಅಷ್ಟೆ. ನಷ್ಟವಾದದ್ದು ಆರನೇ ತರಗತಿಯ ನನ್ನ ಮಗಳು ಚಂದನಳಿಗೆ. ಅಷ್ಟೂ ಗೆಳತಿಯರನ್ನು ಬಿಟ್ಟುಬಂದ ಅವಳು ಶಾಲೆ ಮುಗಿಸಿ ಬಂದು ಕಿಟಕಿಯ ಬಳಿ ಕುಳಿತು, ಎದುರುಮನೆಯ ಗೌರಮ್ಮನವರ ಮಗಳು ಬಿಂದು ಓರಗೆಯವರೊಡನೆ ಕುಂಟಾಬಿಲ್ಲೆ ಆಡುವುದನ್ನು ನೋಡುತ್ತಿದ್ದಳು. ಕರೆಯದೆ ಹೋಗುವ ಸ್ವಭಾವ ಇವಳದಲ್ಲ, ಕರೆಯುವಷ್ಟು ಪರಿಚಯ ಅವರಿಗಿಲ್ಲ. ಆ ಮುಖವನ್ನು ನೋಡಲಾಗದೆ ನಾನೊಂದು ಉಪಾಯ ಹೂಡಿದೆ: ಮನೆಯಲ್ಲಿ ಆಟದ ಯಂತ್ರವಿದ್ದರೆ ಮಕ್ಕಳು ತಾವಾಗಿಯೇ ಬಂದಾರು. ಮೈಸೂರಿಗೆ ಹೋಗಿ, ಅಂಗಡಿಯಲ್ಲಿದ್ದವುಗಳ ಪೈಕಿ ಅತ್ಯಂತ ದುಬಾರಿಯದನ್ನೇ ಹೊತ್ತು ತಂದೆ.

ನಮ್ಮ ಸೀಮೆಯಲ್ಲಿ ಹೊಸ ವಸ್ತು ಕಂಡೊಡನೆ ಕೇಳುವ ಪ್ರಶ್ನೆ ಒಂದೇ, "ಎಸ್ಟಾಯ್ತು?" ಸೀರೆಯಿರಲಿ, ಹಸುವಿರಲಿ, ಕಣ್ಣಿನ ಆಪರೇಷನ್ನಿರಲಿ, ಅದನ್ನು ಕೇಳದಿದ್ದರೆ ಅವರಿಗೆ ನಮ್ಮ ಮೇಲೆ ವಿಶ್ವಾಸವಿಲ್ಲವೆಂದೇ ಅರ್ಥ. ನನ್ನ ದೌರ್ಬಲ್ಯವೆಂದರೆ ನಾನು ಕೇಳುವ ಮೊದಲೇ ಹೇಳಿಬಿಡುವವನು. ಮೊದಲ ದಿನ ಬಿಂದುವಿನ ಜೊತೆ ಬಂದ ಗೌರಮ್ಮನವರಿಗೆ ಕಾಫಿ ಕೊಡುವ ಮುಂಚೆಯೇ ಬೆಲೆ ಹೇಳಿದೆ. ಅರವತ್ತು ಸಾವಿರ!

ಗೌರಮ್ಮನವರು ಮಗಳ ಕೈ ಹಿಡಿದು ಹಿಂದಕ್ಕೆಳೆದರು. "ಮುಟ್ಬ್ಯಾಡ ಕಣಮ್ಮಿ! ಮೇಷ್ಟ್ರೇ, ಈ ದುಡ್ಗೆ ಒಂದು ಸೀಮೆ ಹಸ ಬತ್ತಿತ್ತಲ್ಲ! ನಮ್ಮುಡ್ಗಿ ಕೈ ಸುಮ್ಕಿರಕ್ಕಿಲ್ಲ, ಕೆಡಿಸ್ಬುಟ್ರೆ ಏನ್ ಮಾಡನ?"

"ಏನೂ ಆಗಲ್ಲ, ಆಡಲಿ ಬಿಡಿ" ಎಂದೆನೇನೋ ನಿಜ. ಆದರೆ ಹಾಗೆನ್ನುತ್ತಲೇ ನನ್ನ ಕೈ ಕಂಟ್ರೋಲರನ್ನು ಅದರ ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಿತ್ತು. ಬಿಂದು ಮತ್ತೆ ಬರಲಿಲ್ಲ. ಸುದ್ದಿ ಬೀದಿಯಲ್ಲಿ ಹಬ್ಬಿದ ಮೇಲೆ ಉಳಿದವರೂ ಬರಲಿಲ್ಲ. ಆಯುಧಪೂಜೆಯ ದಿನ ಸ್ಕೂಟರಿನ ಜೊತೆಗೆ ಅದಕ್ಕೂ ವಿಭೂತಿಯ ಮೂರೆಳೆ ಎಳೆದು ಹೂವಿಟ್ಟೆ. ಅದರ ಬಳಿಕ ಚಂದನಳಿಗೂ ಅದು ದೇವರ ಗೂಡಿಗೆ ಸೇರಿದ ಸಾಮಾನಿನಂತೆಯೇ ಕಂಡಿರಬೇಕು.

ಒಂದು ಭಾನುವಾರ ಮಗಳೊಡನೆ ಗುಂಡ್ಲುಪೇಟೆಗೆ ಹೋದಾಗ, ಟಿವಿ ರಿಪೇರಿ ಮಾಡುವ ಹಳೆಯ ಗೆಳೆಯ ರಹಮತ್‌ನ ಅಂಗಡಿಯಲ್ಲಿ ಕುಳಿತೆ. ಅವನ ಮೇಜಿನ ಮೇಲೆ, ಕ್ಯಾಸೆಟ್ ಹಾಕಿ ಆಡುವ ಹಳೇ ಕಾಲದ ವಿಡಿಯೋ ಗೇಮೊಂದು ಬೆನ್ನು ಬಿಚ್ಚಿಕೊಂಡು ಬಿದ್ದಿತ್ತು. ಇದಿನ್ನೂ ಬದುಕಿದೆಯೇ ಎಂದು ಬೆರಗಾಗಿ, ನಮ್ಮ ಮನೆಯ ಯಂತ್ರದ ಕಥೆಯನ್ನೂ ಬೆಲೆಯನ್ನೂ ಹೇಳಿದೆ.

"ಬೇಗೂರಿಂದ ಬಂದದೆ ಸಾ" ಎಂದ ರಹಮತ್. "ಅಗ್ಗದ್ದು, ಅದ್ಕೇ ಆಗ ಮನೆಮನೇಲೂ ಇತ್ತು. ಕ್ಯಾಸೆಟ್ಟು ಅದ್ಲುಬದ್ಲು ಮಾಡ್ಕತಿದ್ರು. ಈಗ್ಲೂ ಕೆಟ್ರೆ ಒಂದರ ವೈರು ಇನ್ನೊಂದ್ಕೆ ಹಾಕ್ಕೊಡ್ತೀನಿ. ನಿಮ್ದು ಬೀದಿಗೆಲ್ಲ ಒಂದೇ. ಅದ್ರಲ್ಲಿ ನಿಮ್ಮ ಮಗಳ ಜೊತೆ ಆಡಾಕೆ ಯಾರವ್ರೆ?"

ನಾನು ತರಗತಿಯಲ್ಲಿ ಒಂದು ಗಂಟೆ ಕೊರೆಯುವುದನ್ನು ಅವನು ಸೋಲ್ಡರಿಂಗ್ ಕಡ್ಡಿ ತಣ್ಣಗಾಗುವುದರೊಳಗೆ ಮುಗಿಸಿದ್ದ. ಹೊಸ ಯಂತ್ರ ದುಬಾರಿಯಾಗಿ ಹುಟ್ಟಿದರೆ ಕೆಲವೇ ಮನೆಗಳನ್ನು ಸೇರುತ್ತದೆ. ಮನೆಗಳು ಕಡಿಮೆಯೆಂದು ಆಟ ತಯಾರಿಸುವವರು ಹಿಂಜರಿಯುತ್ತಾರೆ. ಆಟಗಳಿಲ್ಲವೆಂದು ಕೊಳ್ಳುವವರು ಹಿಂಜರಿಯುತ್ತಾರೆ. ಹೀಗೆ ಪರಸ್ಪರ ಸೌಜನ್ಯದಲ್ಲೇ ಅದು ಅಲ್ಪಾಯುವಾಗುತ್ತದೆ. ಜಾಣ ಕಂಪನಿಗಳು ಯಂತ್ರದ ಮೇಲಿನ ಲಾಭವನ್ನೇ ಬಿಟ್ಟುಕೊಟ್ಟು, ಮುಂದೆ ಆಟಗಳ ಮಾರಾಟದಲ್ಲಿ ಅದನ್ನು ತುಂಬಿಕೊಳ್ಳುತ್ತವೆ. ವರ್ಷಗಳು ಕಳೆದ ಮೇಲೆ ಬೆಲೆ ಇಳಿಸಿ, ತಡವಾಗಿ ಬರುವವರಿಗೂ ಬಾಗಿಲು ತೆರೆಯುತ್ತವೆ. ಇದೆಲ್ಲ ನಾನೇ ಬರೆಸಿದ ನೋಟ್ಸು. ಪರೀಕ್ಷೆಯಲ್ಲಿ ಬರೆದವರಿಗೆ ಅಂಕವನ್ನೂ ಕೊಟ್ಟಿದ್ದೇನೆ.

ವಾಪಸಾಗುವಾಗ ಬಸ್ಸಿನಲ್ಲಿ ಚಂದನ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು, "ಅಪ್ಪ, ಅದ್ನ ಮಾರ್ಬುಡನ. ಮೊದ್ಲು ಅವ್ರಮ್ಮನ ಜೊತೆ ಬಿಂದು ನಮ್ಮ ಬಾಗ್ಲ ತಾವಾದ್ರೂ ಬತ್ತಿದ್ಲು. ಅದು ಬಂದ್ಮೇಲೆ ಅಲ್ಗೂ ಬರಕ್ಕಿಲ್ಲ."

ಮಗಳಿಗೆ ಗೆಳತಿಯರನ್ನು ತರಲೆಂದು ಹೋಗಿ, ಬಂದವಳನ್ನೂ ಓಡಿಸಿದ ಮಹಾನುಭಾವ ನಾನೇ. ಅವಳು ಅಳಲಿಲ್ಲ, ದೂರಲಿಲ್ಲ. ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ಮಾರನೆಯ ಸಂಜೆ ಗೌರಮ್ಮನವರು ಹಾಲಿಗೆ ಹೆಪ್ಪು ಕೇಳಲು ಬಂದರು. ಎಷ್ಟೋ ದಿನಗಳ ಮೇಲೆ ಜೊತೆಗೆ ಬಂದ ಬಿಂದು ಹೊಸ್ತಿಲಾಚೆಯೇ ನಿಂತು ಟಿವಿಯತ್ತ ಕತ್ತು ಚಾಚಿದ್ದಳು. ನಾನು ಕಂಟ್ರೋಲರನ್ನು ಅದರ ಚೀಲದಿಂದ ಹೊರತೆಗೆದೆ.

"ಗೌರಮ್ಮನೋರೇ, ಅವತ್ತು ನಾನು ಹೇಳಿದ್ದು ಸುಳ್ಳು. ಜಂಬಕ್ಕೆ ಅಂದ್ಬುಟ್ಟೆ. ಇದು ಸೆಕೆಂಡ್‌ಹ್ಯಾಂಡು, ಗುಂಡ್ಲುಪೇಟೇಲಿ ರಿಪೇರಿ ಅಂಗಡಿಯೋನು ಕೊಟ್ಟದ್ದು. ಆರುನೂರು ರೂಪಾಯಿ."

ಗೌರಮ್ಮನವರು ಹೆಪ್ಪಿನ ಬಟ್ಟಲು ಹಿಡಿದೇ ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. "ಅಯ್ಯೋ ಮೇಷ್ಟ್ರೇ! ಆರ್ನೂರ್ ರೂಪಾಯ್ ಸಾಮಾನ್ಗೆ ಅರವತ್ ಸಾವ್ರ ಅಂದ್ಬುಟ್ರಲ್ಲ! ಓಗಮ್ಮಿ ಬಿಂದು, ಓಗಿ ಆಡ್ಕೋ."

ಜಗತ್ತಿನ ಯಾವ ಕಂಪನಿಯೂ ಒಂದೇ ಮಾತಿನಲ್ಲಿ ಇಷ್ಟು ಬೆಲೆ ಇಳಿಸಿರಲಾರದು. ನಿಜವಾದ ರಸೀದಿ ಬೀರುವಿನಲ್ಲಿದೆಯೆಂದು ಬಲ್ಲ ಚಂದನ ನನ್ನನ್ನೊಮ್ಮೆ ನೋಡಿದಳು. ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಬಿಂದುವಿಗೆ ಜಾಗ ಮಾಡಿಕೊಟ್ಟಳು.

ಈಗ ನಮ್ಮ ಬೀದಿಯಲ್ಲಿ ನಾನು ಬಡಾಯಿ ಮೇಷ್ಟ್ರು. ನಾನು ತಂದ ಟೊಮೆಟೊ ಬೆಲೆಯನ್ನೂ ಯಾರೂ ನಂಬುವುದಿಲ್ಲ. ಕಂಟ್ರೋಲರಿನ ಒಂದು ಗುಂಡಿ ಒಳಗೆ ಕುಸಿದಿದೆ, ಇನ್ನೊಂದಕ್ಕೆ ಮಂಡಕ್ಕಿಯ ಎಣ್ಣೆ ಮೆತ್ತಿದೆ. ಸಂಜೆ ಕಾಲೇಜಿನಿಂದ ಬಂದರೆ ಬಾಗಿಲಲ್ಲಿ ನನ್ನ ಚಪ್ಪಲಿ ಬಿಡಲು ಜಾಗವೇ ಇರುವುದಿಲ್ಲ.