ಗೋದಲಿಯ ಕೂಸಿಗೊಂದು ಕುಂಚಿಗೆ

ನಮ್ಮ ಅತ್ತೆಗೆ ಒಂದು ಕೋಣೆಯನ್ನು ಅದರ ಪಾಡಿಗೆ ಬಿಡಲು ಬರುತ್ತಿರಲಿಲ್ಲ. ಬಾಗಿಲು ಬರಿದಾಗಿ ಕಂಡರೆ ತೋರಣ, ನೆಲ ಬರಿದಾಗಿ ಕಂಡರೆ ರಂಗೋಲಿ, ಮೂಲೆ ಬರಿದಾಗಿ ಕಂಡರೆ ಅಲ್ಲೊಂದು ಸ್ಟೂಲು, ಅದರ ಮೇಲೊಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೊಂದು ಹಿತ್ತಾಳೆ ತಂಬಿಗೆ. ಪುಣೆಯ ನಾನಾ ಪೇಠದಲ್ಲಿ ಒಂದೇ ಅಂಗಳದ ಸುತ್ತ ಹತ್ತಾರು ಮನೆಗಳಿದ್ದ ನಮ್ಮ ವಾಡೆಯಲ್ಲಿ ಯಾರ ಮನೆಯಲ್ಲಿ ಗೌರಿ ಕೂಡಿಸಿದರೂ ಸೀರೆಯ ನಿರಿಗೆ ಹಿಡಿಯಲು ಅವರಿಗೇ ಕರೆ ಬರುತ್ತಿತ್ತು. ಮಾವನವರ ಹಿಂದೆ ಕಟ್ಟಡದ ಕೆಲಸಕ್ಕೆಂದು ಲಿಂಗಸುಗೂರಿನಿಂದ ಪುಣೆಗೆ ಬಂದ ಹೆಂಗಸು, ಹುಟ್ಟಾ ಪುಣೆಯ ಬಾಯಂದಿರ ಗೌರಿಗೆ ಸೀರೆ ಉಡಿಸುವುದೆಂದರೆ ಸಣ್ಣ ಮಾತಲ್ಲ. ಅತ್ತೆಯೂ ಅದನ್ನು ಸಣ್ಣ ಮಾತೆಂದು ತಿಳಿದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮದುವೆಯಾಗಿ ಆ ಮನೆಗೆ ಬಂದು ವರ್ಷವಾಗಿತ್ತು. ಅಂಗಳದ ಆಚೆ ಬದಿಯ ಮನೆಯಲ್ಲಿ ಒಬ್ಬ ವಿಧವೆ ನರ್ಸ್ ಇದ್ದರು. ಮುದಗಲ್ಲಿನ ಹಳೆಯ ಕ್ರೈಸ್ತ ಮನೆತನ. ಮುದಗಲ್ಲು ಅಂದರೆ ನಮ್ಮ ಊರಿಗೆ ಕೂಗಳತೆ. ವಾಡೆಯವರಿಗೆಲ್ಲ ಅವರು ಸಿಸ್ಟರಬಾಯಿ. ಅತ್ತೆಯೂ ಅವರೂ ನಲ್ಲಿಯ ಕಟ್ಟೆಯ ಮೇಲೆ ಕೂತು ನಮ್ಮ ಕಡೆಯ ಕನ್ನಡದಲ್ಲಿ ಮಾತಿಗೆ ಶುರುವಿಟ್ಟರೆ ಕೊಡ ತುಂಬಿ ಹರಿದು ಅಂಗಳ ದಾಟಿದರೂ ಎಚ್ಚರವಿರುತ್ತಿರಲಿಲ್ಲ. ಹಾಗೆ ಹರಿದ ನೀರಿನಲ್ಲೇ ಒಂದು ದಿನ ಸಿಸ್ಟರಬಾಯಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ತೊಡೆಯ ತನಕ ಪ್ಲಾಸ್ಟರು ಬಂತು. ಮಂಚ ಹಿಡಿದು ಮಲಗಿದರು. ಆಗಲೇ ಡಿಸೆಂಬರು ಹುಟ್ಟಿತ್ತು.

ಅದೇ ವಾರ ಮತ್ತೊಂದು ಸುದ್ದಿ ಬಂತು. ಅವರ ಒಬ್ಬಳೇ ಮಗಳು ಮಿರಜಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ನನಗಿಂತ ಒಂದು ವರ್ಷ ಚಿಕ್ಕವಳು, ರಜೆಗೆ ಬಂದಾಗ ನನ್ನ ಜೀವದ ಗೆಳತಿ. ಅವಳನ್ನು ನೋಡಲು ನಮ್ಮ ಕಡೆಯಿಂದಲೇ ಬಂದು ಪುಣೆಯ ಕ್ಯಾಂಪಿನಲ್ಲಿ ನೆಲೆಸಿದ್ದ ಒಬ್ಬ ಹುಡುಗನ ಮನೆಯವರು ಬರುವವರಿದ್ದರು, ಅದೂ ಇಪ್ಪತ್ತನಾಲ್ಕರ ಸಂಜೆಗೇ. ಹುಡುಗ ಚರ್ಚಿನಲ್ಲಿ ಹಾಡುತ್ತಿದ್ದ. 'ಅಂವ ಹಾಡೂವಾಗ ಕಣ್ಣು ಮುಚ್ಚತಾನ, ನಾ ಆರಾಮ ನೋಡಬಹುದು' ಎಂದು ಅವಳು ಹಿಂದಿನ ರಜೆಯಲ್ಲೇ ನನ್ನ ಕಿವಿಯಲ್ಲಿ ಹೇಳಿ ತಾನೇ ಕೆಂಪಾಗಿದ್ದಳು. ಹುಡುಗನಿಗೂ ಮನಸ್ಸಿತ್ತು. ಆದರೆ ತಾಯಿಯಿಲ್ಲದ ಆ ಹುಡುಗನನ್ನು ಸಾಕಿದವಳು ಅಜ್ಜಿ. ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು. ಆಕೆ ಹಿಂದೆ ಎರಡು ಕಡೆ ಹುಡುಗಿಯ ಮನೆಯ ಮುಂದಿನ ಕೋಣೆಯಲ್ಲಿ ಕಾಲಿಟ್ಟು, ಹಾಗೇ ತಿರುಗಿ ಬಂದು, ಆ ಸಂಬಂಧಗಳನ್ನೇ ಬಿಟ್ಟಿದ್ದಳಂತೆ. ಪಡಸಾಲೆ ನೋಡಿದರೆ ಹುಡುಗಿಯನ್ನು ನೋಡಿದಂತೆಯೇ ಎನ್ನುವುದು ಆಕೆಯ ಲೆಕ್ಕ.

ಸಿಸ್ಟರಬಾಯಿ ಕಣ್ಣೀರು ಹಾಕಿದರು. 'ಕ್ರಿಸ್‌ಮಸ್ಸಿನ ಮನಿ, ಒಂದು ಚುಕ್ಕಿ ಕಟ್ಟಿಲ್ಲ, ಗೋದಲಿ ಮಾಡಿಲ್ಲ. ಮಗಳು ಬರೂದು ಅದ ದಿನ ಮಧ್ಯಾಹ್ನ. ನಾ ಹಿಂಗ ಬಿದ್ದೀನಿ. ಆ ಮುದುಕಿ ಬಂದು ಏನು ನೋಡ್ಯಾಳು?'

ಅತ್ತೆ ಸೆರಗು ಸಿಕ್ಕಿಸಿಕೊಂಡರು. 'ನಾ ಅದೀನಿ. ನೀವು ಮಲಕೊಂಡು ಹೇಳ್ರಿ, ನಾ ಮಾಡ್ತೀನಿ.'

ಸಿಸ್ಟರಬಾಯಿಯ ಮಂಚ ಒಳಕೋಣೆಯಲ್ಲಿತ್ತು, ನಡುವೆ ಪರದೆ. ಅವರು ಅಲ್ಲಿಂದ ಕೂಗಿ ಹೇಳುವುದು, ಅತ್ತೆ ಇಲ್ಲಿಂದ 'ಆತ್ರಿ' ಎಂದು ತಮಗೆ ತಿಳಿದಂತೆ ಮಾಡುವುದು. ನಾನು ನಡುವೆ. ಹಬ್ಬದ ಹಿಂದಿನ ಆ ವಾರ ನಾನು ನಕ್ಕಷ್ಟು ನನ್ನ ಇಡೀ ಮದುವೆಯಲ್ಲಿ ನಕ್ಕಿರಲಿಲ್ಲ, ನನ್ನ ಗಂಡ ಧಾರೆಯ ಹೊತ್ತಿಗೆ ಜಾರಿ ಬಿದ್ದಿದ್ದನ್ನೂ ಸೇರಿಸಿ.

ಮೊದಲು ಚುಕ್ಕಿ, ಅಂದರೆ ನಕ್ಷತ್ರ. ಕಿಟಕಿಗೆ ಕಾಗದದ ದೊಡ್ಡ ಚುಕ್ಕಿ ಕಟ್ಟಿ ಒಳಗೆ ಬಲ್ಬು ಇಡಬೇಕು. ಅತ್ತೆ ನಮ್ಮ ಅಟ್ಟದಿಂದ ದೀಪಾವಳಿಯ ಆಕಾಶಕಂದೀಲು ಇಳಿಸಿದರು. ಅದಕ್ಕೆ ಕೆಳಗೆ ಝಾಲರಿಯ ಬಾಲಗಳಿದ್ದವು. ಚುಕ್ಕಿಗೆ ಬಾಲ ಇರುತ್ತದೆಯೋ ಇಲ್ಲವೋ ಎಂದು ನನಗೆ ಅನುಮಾನ ಬಂತು. ಪರದೆಯ ಆಚೆ ಕೇಳಿದೆ. 'ಯೇಸು ಹುಟ್ಟಿದಾಗ ಮೂಡಿದ ಚುಕ್ಕಿಗೆ ಬಾಲ ಇತ್ತು ಅಂತ ಹೇಳ್ತಾರ' ಎಂದರು ಸಿಸ್ಟರಬಾಯಿ. ಅತ್ತೆ ನನ್ನ ಕಡೆ ಗೆದ್ದ ಮುಖ ಮಾಡಿ ನೋಡಿದರು.

ಆಮೇಲೆ ಕ್ರಿಸ್‌ಮಸ್ಸಿನ ಗಿಡ. ಮಾವನವರು ಎಲ್ಲಿಂದಲೋ ಒಂದು ಗಾಳಿಮರದ ಟೊಂಗೆ ತಂದು ಎಣ್ಣೆ ಡಬ್ಬಿಯಲ್ಲಿ ಮಣ್ಣು ತುಂಬಿ ನಿಲ್ಲಿಸಿದರು. ಅತ್ತೆ ಡಬ್ಬಿಗೆ ಸುಣ್ಣ ಬಳಿದು ಅರಿಶಿನ ಕುಂಕುಮ ಹಚ್ಚಿದರು. 'ಅದರ ಮ್ಯಾಲ ಅರಳಿ ಹಾಕ್ರಿ, ಹಿಮ ಬಿದ್ದಂಗ' ಎಂದು ಒಳಗಿನಿಂದ ಕೂಗು ಬಂತು. ಅರಳೆ ಎಂದ ಮೇಲೆ ಅತ್ತೆಗೆ ಹೇಳಿಕೊಡುವುದೇನಿದೆ? ಮಧ್ಯಾಹ್ನವಿಡೀ ಕೂತು ಗೆಜ್ಜೆವಸ್ತ್ರ ಹೊಸೆದರು. ಮೊಳಗಟ್ಟಲೆ. ನಡುನಡುವೆ ಕುಂಕುಮದ ಚುಕ್ಕೆ. ಗಿಡವನ್ನು ಮೇಲಿಂದ ಕೆಳಗೆ ಸುತ್ತಿ, ಹಿಂದೆ ಸರಿದು ನೋಡಿ, 'ಹಿಮ ಅಂದ್ರ ಹಿಂಗ ಇರ್ತದ ಏನವಾ?' ಎಂದು ನನ್ನನ್ನು ಕೇಳಿದರು. ಲಿಂಗಸುಗೂರಿನ ಬಿಸಿಲಲ್ಲಿ ಬೆಳೆದ ನಾನು ಇರಬಹುದು ಎಂದೆ.

ಆದರೆ ಅತ್ತೆಯ ಜೀವವೆಲ್ಲ ಯೇಸು ಹುಟ್ಟಿದ ಆ ಗೋದಲಿಯ ಮೇಲಿತ್ತು. 'ಒಂದು ಗುಡ್ಡ, ಗುಡ್ಡದಾಗ ಒಂದು ಗವಿ, ಸುತ್ತ ಹುಲ್ಲು, ಕುರಿ ಕಾಯೋರು, ಮೂರು ಮಂದಿ ರಾಜರು' ಎಂದು ಸಿಸ್ಟರಬಾಯಿ ಹೇಳಿದ್ದೇ ತಡ, ಬಾಗಿಲಲ್ಲಿ ಇಣುಕುತ್ತಿದ್ದ ವಾಡೆಯ ಮಕ್ಕಳು 'ಕಿಲ್ಲಾ, ಕಿಲ್ಲಾ' ಎಂದು ಕುಣಿದರು. ಪುಣೆಯ ಮಕ್ಕಳಿಗೆ ಗುಡ್ಡ ಕಟ್ಟುವುದನ್ನು ಯಾರೂ ಕಲಿಸಬೇಕಿಲ್ಲ. ದೀಪಾವಳಿ ಬಂತೆಂದರೆ ಮನೆಮನೆಯ ಮುಂದೆ ಮಣ್ಣಿನ ಕೋಟೆ ಕಟ್ಟಿ ಸೈನಿಕರನ್ನು ನಿಲ್ಲಿಸುವವರು. ಕಂದು ಕಾಗದ ಮುದುಡಿ ಗುಡ್ಡ ಮಾಡುವುದು ಸಿಸ್ಟರಬಾಯಿಯ ಮನೆಯ ಪದ್ಧತಿ. ಅದನ್ನು ಅವರು ಹೇಳಲು ಮರೆತರು. ಇಟ್ಟಿಗೆ, ಕಲ್ಲು, ಗೋಣಿಚೀಲ, ಬುಟ್ಟಿಬುಟ್ಟಿ ಕೆಮ್ಮಣ್ಣು ಎಲ್ಲವೂ ಪಡಸಾಲೆಯ ಒಳಗೆ ಬಂದವು. ಬುರುಜು ಎದ್ದಿತು, ಮೆಟ್ಟಿಲು ಮೂಡಿದವು. ಅತ್ತೆ ಅದರ ಮೇಲೆ ಬೇಗ ಮೊಳೆಯುವ ಅಳವಿ ಬೀಜ ಉದುರಿಸಿ ದಿನಾ ನೀರು ಚಿಮುಕಿಸಿದರು. ನಾಲ್ಕಾರು ದಿನಗಳಲ್ಲಿ ಗುಡ್ಡ ಹಸಿರಾಗಿ ಎದ್ದು ಕೂತಿತು. ಉಳಿದ ಅಳವಿಯನ್ನು ಹುರಿದು, ಬೆಲ್ಲ ಕೊಬ್ಬರಿ ಹಾಕಿ ಉಂಡೆ ಕಟ್ಟಿದರು. ಯಾರಿಗೆ ಎಂದು ಕೇಳಿದೆ. 'ಬಾಣಂತಿ ಅದಾಳ ಅಲ್ಲ?' ಎಂದು ಯೇಸುವಿನ ತಾಯಿ ಕೂರಬೇಕಿದ್ದ ಗವಿಯ ಕಡೆ ಕೈ ಮಾಡಿದರು.

ಗೊಂಬೆಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಮೂವರು ರಾಜರಲ್ಲಿ ಒಬ್ಬನ ಸೊಂಟ ಮುರಿದಿತ್ತು. ಮಕ್ಕಳು ಓಡಿ ಹೋಗಿ ತಮ್ಮ ದೀಪಾವಳಿ ಕೋಟೆಯ ರಾಜನನ್ನು ಸಿಂಹಾಸನ ಸಮೇತ ತಂದರು. ಜೊತೆಗೆ ಕತ್ತಿ ಗುರಾಣಿ ಹಿಡಿದ ಮಾವಳೆಗಳು, ಅಂದರೆ ಮರಾಠಾ ಸೈನಿಕರೂ ಬಂದರು. 'ಕಾಕೂ, ಮಾವಳೇ ಕುಠೇ ಠೇವಾಯಚೇ?' ಎಂದು ಒಬ್ಬ ಕೇಳಿದ. ಎಲ್ಲಿ ನಿಲ್ಲಿಸುವುದು ಎಂದು ಅತ್ತೆ ಯೋಚಿಸಲಿಲ್ಲ. ಗವಿಯ ಬಾಗಿಲಿಗೆ ಎರಡೂ ಕಡೆ ನಿಲ್ಲಿಸಿದರು.

ಡಬ್ಬಿಯ ತಳದಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಪಿಂಗಾಣಿಯ ಬಾಲಯೇಸು ಸಿಕ್ಕಿತು. ಗೇಣುದ್ದದ ಕೂಸು. ಸೊಂಟಕ್ಕೊಂದು ತುಂಡು ಬಟ್ಟೆ, ಬೇರೇನೂ ಇಲ್ಲ. ಪುಣೆಯ ಡಿಸೆಂಬರು ಗೊತ್ತಿದ್ದವರಿಗೆ ಗೊತ್ತು, ಬೆಳಗಿನ ನೀರು ಕೈ ಕೊರೆಯುತ್ತದೆ. ಅತ್ತೆ ಆ ಕೂಸನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. 'ಹಸಿ ಕೂಸು. ಪೇಪರದಾಗ ಸುತ್ತಿ ಇಟ್ಟಾರ' ಎಂದು ಗೊಣಗಿದರು. ಮನೆಗೆ ಹೋಗಿ ಟ್ರಂಕು ತೆಗೆದು ಗುಳೇದಗುಡ್ಡದ ಕೆಂಪು ಖಣವೊಂದನ್ನು ಹೊರಗೆ ತೆಗೆದರು. ಅದು ಮುಂದೆ ನನಗೆ ಹುಟ್ಟುವ ಕೂಸಿಗೆಂದು ಎತ್ತಿಟ್ಟದ್ದು ಎಂದು ನನಗೆ ಗೊತ್ತಿತ್ತು. ಅದರ ಅಂಚಿನಿಂದ ಒಂದು ತುಂಡು ಕತ್ತರಿಸಿ, ತಲೆ ಮುಚ್ಚಿ ಬೆನ್ನಿನ ಮೇಲೆ ಇಳಿಯುವ ಬೆರಳುದ್ದದ ಕುಂಚಿಗೆ ಹೊಲಿದರು. ಕೂಸಿಗೆ ತೊಡಿಸಿ, ಗಲ್ಲದ ಮೇಲೆ ಕಾಡಿಗೆಯ ಬೊಟ್ಟಿಟ್ಟು, ಗವಿಯಲ್ಲಿ ಮಲಗಿಸಿದರು. ಆ ಪುಟ್ಟ ಖಣದ ತಲೆಯನ್ನು ನೋಡಿ ನನಗೆ ಯಾಕೋ ಬಹಳ ಸಂತೋಷವಾಯಿತು.

ಇಪ್ಪತ್ತನಾಲ್ಕರ ಮಧ್ಯಾಹ್ನ ಬರಬೇಕಾದ ರೈಲು ತಡವಾಗಿ, ಮಗಳು ಬಂದಾಗ ದೀಪ ಹಚ್ಚುವ ಹೊತ್ತು. ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದಳು. ಬಾಗಿಲಿಗೆ ಚೆಂಡುಹೂವಿನ ತೋರಣ, ಹೊಸ್ತಿಲಿಗೆ ರಂಗೋಲಿ, ಗೆಜ್ಜೆವಸ್ತ್ರ ಉಟ್ಟ ಗಿಡ, ಬುರುಜಿನ ಗೋದಲಿ. ಅವಳ ಬ್ಯಾಗು ನೆಲಕ್ಕೆ ಬಿತ್ತು. ನನ್ನ ತೋಳು ಹಿಡಿದು ನಕ್ಕಳು, ನಗುತ್ತಲೇ ಕಣ್ಣಲ್ಲಿ ನೀರು ತಂದುಕೊಂಡಳು. 'ಇದ್ಯಾರ ಮದುವಿ ಮಂಟಪ? ಅಯ್ಯ, ಆ ಅಜ್ಜಿ ನಮ್ಮನ್ನ ಉಳಸಂಗಿಲ್ಲ.'

ನಾವು ನಾಲ್ಕು ಜನ ಸೇರಿ ಸಿಸ್ಟರಬಾಯಿಯನ್ನು ಕುರ್ಚಿ ಸಮೇತ ಎತ್ತಿ ಹೊರಗೆ ತಂದೆವು. ಅವರು ಒಮ್ಮೆ ನೋಡಿದರು, ಕಣ್ಣು ಮುಚ್ಚಿದರು, ಮತ್ತೆ ತೆರೆದು ನೋಡಿದರು. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಏನಾದರೂ ಹೇಳುವ ಮೊದಲೇ ಅಂಗಳದಲ್ಲಿ ಚಪ್ಪಲಿಗಳ ಸದ್ದಾಯಿತು. ಅಲ್ಲಿಯತನಕ ನಮಗಿದು ಆಟವಾಗಿತ್ತು. ಈಗ ಗೆಳತಿಯ ಮುಖ ನೋಡಿದರೆ ಆಟವಾಗಿರಲಿಲ್ಲ.

ಅಜ್ಜಿ ಸಣ್ಣ ದೇಹದ, ಬಿಳಿ ಸೀರೆಯ, ನೆಟ್ಟ ಬೆನ್ನಿನ ಹೆಂಗಸು. ಹುಡುಗ ಹಿಂದೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆವರುತ್ತಾ ನಿಂತಿದ್ದ. ಅಜ್ಜಿ ಕೂಡಲಿಲ್ಲ. ಕಂದೀಲು ನೋಡಿದಳು. ಗಿಡದ ಹತ್ತಿರ ಹೋಗಿ ಗೆಜ್ಜೆವಸ್ತ್ರವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಳು. ಕೋಟೆಯ ಮುಂದೆ ಬಂದು ನಿಂತಳು.

'ಈ ಕತ್ತಿ ಹಿಡದ ಮಂದಿ ಯಾರು?'

ಅತ್ತೆ ಮುಂದೆ ಬಂದರು. 'ಕಾವಲಿಗ್ರಿ ಅಮ್ಮಾರ. ಕೂಸಿನ್ನ ಕೊಲ್ಲಾಕ ಅಲ್ಲಿಯ ಅರಸ ಮಂದೀನ್ನ ಕಳಿಸಿದ್ದನಂತ. ಸಿಸ್ಟರಬಾಯಿ ಹೇಳ್ಯಾರ. ಅಂಥಾ ಕೂಸಿಗೆ ಕಾವಲ ಬ್ಯಾಡೇನ್ರಿ?'

ಅಜ್ಜಿ ಬಗ್ಗಿ ಗವಿಯಲ್ಲಿ ನೋಡಿದಳು. 'ಕೂಸು ಈಗಲೇ ಹುಟ್ಟಿ ಬಿಟ್ಟದ. ರಾತ್ರಿ ಚರ್ಚಿನಾಗ ಪೂಜಿ ಆಗೂತನಕ ಗೋದಲಿ ಬರಿದ ಇರಬೇಕು. ಅಷ್ಟೂ ಗೊತ್ತಿಲ್ಲೇನು ಈ ಮನ್ಯಾಗ?'

ಸಿಸ್ಟರಬಾಯಿಯ ಮುಖ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತು. ಆ ಒಂದು ಮಾತನ್ನೂ ಅವರು ಹೇಳಲು ಮರೆತಿದ್ದರು. ಹುಡುಗ ನೆಲ ನೋಡಿದ. ಗೆಳತಿ ನನ್ನ ಕೈ ಹಿಚುಕಿದಳು. ಅವಳ ಉಗುರು ನನ್ನ ಅಂಗೈಯಲ್ಲಿ ಮೂಡಿತು.

ಅಜ್ಜಿ ಕೂಸನ್ನು ಹೊರಗೆತ್ತಿದಳು. ಕುಂಚಿಗೆ ತಿರುಗಿಸಿ ನೋಡಿದಳು. ಗಲ್ಲದ ಬೊಟ್ಟು ಕಂಡಿತು. 'ಇದೇನಿದು ಮಸಿ' ಎಂದು ಸೆರಗಿನ ತುದಿಯಿಂದ ಒರೆಸಿದಳು.

ಅತ್ತೆಯ ಕಾಡಿಗೆ ಹರಳೆಣ್ಣೆಯ ದೀಪದ್ದು, ತುಪ್ಪದಲ್ಲಿ ಕಲಸಿದ್ದು. ಒರೆಸಿದರೆ ಹೋಗುವಂಥದ್ದಲ್ಲ. ಬೊಟ್ಟು ಹರಡಿ ಗಲ್ಲವಾಯಿತು. ಅಜ್ಜಿ ಇನ್ನಷ್ಟು ಒತ್ತಿ ಒರೆಸಿದಳು. ಗಲ್ಲ ಮೂಗಾಯಿತು, ಮೂಗು ಹಣೆಯಾಯಿತು. ಕ್ರಿಸ್‌ಮಸ್ಸಿನ ಸಂಜೆ ಆ ಕೋಣೆಯಲ್ಲಿ ಬಾಲಯೇಸುವಿನ ಮುಖಕ್ಕೆಲ್ಲ ಮಸಿ ಬಳಿದು ನಿಂತವಳು, ಎರಡು ಸಂಬಂಧ ಬಿಟ್ಟು ಬಂದ ಅದೇ ಅಜ್ಜಿ. ಬಿಳಿಯ ಸೆರಗೂ ಹಾಳಾಗಿತ್ತು. ಆಕೆ ಕೂಸನ್ನು ನೋಡಿದಳು, ಸೆರಗು ನೋಡಿದಳು, ನಮ್ಮನ್ನು ನೋಡಿದಳು.

'ಅದಕ್ಯಾಕ ಚಿಂತಿ ಮಾಡ್ತೀರಿ' ಎಂದರು ಅತ್ತೆ, ದಿನನಿತ್ಯದ ದನಿಯಲ್ಲಿ. 'ಎಣ್ಣಿ ತಿಕ್ಕಿ ಕಡ್ಲಿಹಿಟ್ಟು ಹಚ್ಚಿ ಎರದ್ರ ಹೋಗ್ತದ. ಕೂಸಿಗೆ ನೀರು ಎರಿಯೂದು ನಿಮಗ ಮರತದ ಏನು?'

'ನನಗ ಮರೀತದ?' ಎಂದಳು ಅಜ್ಜಿ. 'ಏಳು ಕೂಸಿಗೆ ಎರದೀನಿ ನಾನು.'

ಎಂದವಳೇ ನೆಲದ ಮೇಲೆ ಕೂತಳು. ಗೋಡೆಗೆ ಬೆನ್ನು ಕೊಟ್ಟು ಎರಡೂ ಕಾಲು ಚಾಚಿದಳು. ಗೇಣುದ್ದದ ಪಿಂಗಾಣಿ ಕೂಸನ್ನು ಮೊಣಕಾಲಿನ ಕೆಳಗೆ ಕಾಲುಗಳ ನಡುವೆ ಮಲಗಿಸಿಕೊಂಡಳು. ನಾನು ಎಣ್ಣೆ ತಂದೆ, ಗೆಳತಿ ಬಿಸಿನೀರು ತಂದಳು, ಅತ್ತೆ ಕಡ್ಲಿಹಿಟ್ಟು ಕಲಸಿದರು. ಅಜ್ಜಿ ತಿಕ್ಕುವುದು, ಅತ್ತೆ ತಂಬಿಗೆಯಿಂದ ಸಣ್ಣ ಧಾರೆ ಬಿಡುವುದು. 'ಕಣ್ಣಾಗ ಹೋಗ್ತದ, ಹುಷಾರ' ಎಂದು ಅಜ್ಜಿ ಗದರಿದಳು. ಗದರಿದ ಮೇಲೆ ತಾನೇನು ಹೇಳಿದೆ ಎಂದು ಆಕೆಗೆ ಹೊಳೆಯಿತು. ಭುಜ ಅಲುಗಿತು. ಆಮೇಲೆ ಹೊಟ್ಟೆ ಅಲುಗಿತು. ಆ ಅಜ್ಜಿ ನಕ್ಕಳು ನೋಡಿ, ಹಲ್ಲಿಲ್ಲದ ಬಾಯಿ ತುಂಬಾ ನಕ್ಕಳು, ಕೋಣೆಯಲ್ಲಿ ತಡೆದಿಟ್ಟಿದ್ದ ನಗುವೆಲ್ಲ ಒಮ್ಮೆಗೇ ಹೊರಬಿತ್ತು. ಸಿಸ್ಟರಬಾಯಿ 'ಕಾಲು, ನನ್ನ ಕಾಲು' ಎನ್ನುತ್ತಾ ನಕ್ಕರು. ಹುಡುಗ ಗೋಡೆಗೆ ಒರಗಿ ನಕ್ಕ, ಕಣ್ಣು ಮುಚ್ಚಿಕೊಂಡೇ. ಗೆಳತಿ ಆರಾಮವಾಗಿ ಅವನನ್ನು ನೋಡಿದಳು.

ಎರೆದ ಮೇಲೆ ಲೋಬಾನದ ಹೊಗೆ ಹಾಕಬೇಕಲ್ಲ? ಅತ್ತೆ ಕೇಳುವ ಮೊದಲೇ ಅಜ್ಜಿ ಕೇಳಿದಳು. ಕೆಂಡ ಬಂತು, ಲೋಬಾನ ಬಿತ್ತು. ಚರ್ಚಿನದೂ ಬಾಣಂತಿ ಕೋಣೆಯದೂ ಆದ ಆ ಒಂದೇ ವಾಸನೆ ಪಡಸಾಲೆ ತುಂಬಿತು. ಮೂಗಿನ ಪಕ್ಕದ ಗೆರೆಯಲ್ಲಿ ಮಾತ್ರ ಒಂದು ಎಳೆ ಕಪ್ಪು ಉಳಿಯಿತು. ಅಜ್ಜಿ ಕುಂಚಿಗೆ ತೊಡಿಸಿದಳು. ಗವಿಯಲ್ಲಿ ಇಡಲಿಲ್ಲ. ಹುಡುಗಿಯನ್ನು ಹತ್ತಿರ ಕರೆದು ಅವಳ ಮಡಿಲಲ್ಲಿ ಇಟ್ಟಳು. 'ಪೂಜಿ ಮುಗಿಯೂತನಕ ನೀ ಹಿಡ್ಕೊ. ಆಮ್ಯಾಲ ನೀನ ಮಲಗಸು.'

ಸಂಬಂಧದ ಮಾತಿಗೆ ಅಜ್ಜಿ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಬಾಣಂತಿಯ ಅಳವಿ ಉಂಡೆಯನ್ನು ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದಳು. ನಾವೆಲ್ಲ ಆಕೆಯ ಬಾಯನ್ನೇ ನೋಡುತ್ತಿದ್ದೆವು, ಆಕೆ ಬರೀ ಅಗಿಯುತ್ತಿದ್ದಳು.

ಎರೆದ ಕೂಸಿಗೆ ಮತ್ತೆ ಬೊಟ್ಟಿಡಲೆಂದು ಅತ್ತೆ ಬೆರಳಿಗೆ ಕಾಡಿಗೆ ತೆಗೆದುಕೊಂಡಿದ್ದರು. ಕೂಸನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತ ಹುಡುಗಿ ಎಷ್ಟು ಚೆಂದ ಕಂಡಳೆಂದರೆ ಅವರಿಗೆ ತಡೆಯಲಾಗಲಿಲ್ಲ. ಅಜ್ಜಿ ನೋಡುತ್ತಿಲ್ಲವೆಂದು ತಿಳಿದು, ಹಿಂದಿನಿಂದ ಹೋಗಿ ದೃಷ್ಟಿಯಾಗದಂತೆ ಅವಳ ಕಿವಿಯ ಹಿಂದೆ ಮೆಲ್ಲಗೆ ಬೆರಳು ಒತ್ತಿದರು.

ಅಜ್ಜಿ ನೋಡುತ್ತಿದ್ದಳು. ಉಂಡೆ ನುಂಗಿದಳು.

'ಅಲ್ಲೆಲ್ಲಿ ಹಚ್ಚತೀ ತಂಗಿ, ಗಲ್ಲಕ್ಕ ಹಚ್ಚು' ಎಂದಳು. 'ದೊಡ್ಡದ ಹಚ್ಚು. ನಮ್ಮ ಮನ್ಯಾಗ ನೋಡೋ ಮಂದಿ ಭಾಳ ಅದಾರ.'