ನನ್ನ ತಮ್ಮ ಹೊತ್ತ ಹೊರೆ

ನನ್ನ ತಮ್ಮ ದೇವಯ್ಯ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದಾನೆ. ನಾವಿರುವ ಕೆಸರೆಯಲ್ಲಿ ಇದು ಎಲ್ಲರಿಗೂ ಗೊತ್ತು. ಮುಚ್ಚಿಟ್ಟು ನನಗೇನೂ ಆಗಬೇಕಾಗಿಲ್ಲ. ಜನಕ್ಕೆ ಗೊತ್ತಿಲ್ಲದಿರುವುದು ಅವನು ಅಲ್ಲಿಗೆ ಹೋಗಿ ಬಿದ್ದ ಬಗೆ. ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ.

ದೇವಯ್ಯ ಮರಕ್ಕೆ ಪಾಲಿಶ್ ಹಾಕುವವನು. ಲಷ್ಕರ್ ಮೊಹಲ್ಲಾದ ಫರ್ನಿಚರ್ ಅಂಗಡಿಗಳಲ್ಲಿ ಅವನ ಕೈಗೆ ಬೆಲೆಯಿತ್ತು. ಹೆಂಡತಿ ಇಂದ್ರಮ್ಮ ಕಾಮಾಲೆಯಾಗಿ ತೀರಿಕೊಂಡ ಮೇಲೆ ಮನುಷ್ಯ ಅರ್ಧವಾದ. ಮಗಳು ತೇಜಸ್ವಿನಿಯನ್ನು ನಾನು ನನ್ನ ಮನೆಗೆ ಕರೆತಂದೆ. ಆ ದಿನಗಳಲ್ಲೇ ವಿಜಯನಗರದ ಒಂದು ದೊಡ್ಡ ಮನೆಯ ಬಾಗಿಲಿಗೆ ಪಾಲಿಶ್ ಹಾಕಲು ಹೋದವನು ಆ ಮನೆಯೊಳಗೇ ಉಳಿದುಬಿಟ್ಟ. ಅದು ಒಬ್ಬ ಗುರುವಿನ ಆಶ್ರಮ. ಅವನ ಹೆಸರು ಹೇಳಿ ನಾನು ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ಬಿಳಿ ಪಂಚೆ, ಬಿಳಿ ಗಡ್ಡ, ಮೆತ್ತನೆಯ ಮಾತು. ಬೆಳ್ಳಗಿರುವುದೆಲ್ಲ ಹಾಲಲ್ಲ ಕಣೋ ಎಂದೆ. ತಮ್ಮ ಕೆಲವು ತಿಂಗಳು ನನ್ನ ಜೊತೆ ಮಾತು ಬಿಟ್ಟ.

ಅಲ್ಲಿ ಒಂದು ಪದ್ಧತಿ ಇತ್ತು. ಅದನ್ನು ಅವರು 'ಹೊರೆ' ಎನ್ನುತ್ತಿದ್ದರು. ಗುರುವಾರದ ಭಜನೆ ಮುಗಿದ ಮೇಲೆ, ಶಿಷ್ಯರಲ್ಲಿ ಯಾರೋ ಮಾಡಿದ ತಪ್ಪನ್ನು ಗುರು ಎಲ್ಲರೆದುರು ಹೇಳುತ್ತಿದ್ದ. ತಪ್ಪು ಮಾಡಿದವನು ಸುಮ್ಮನಿರಬೇಕು. ಬೇರೊಬ್ಬ ಎದ್ದು 'ಆ ಹೊರೆ ನನ್ನದು' ಎನ್ನಬೇಕು. ಆಗ ಗುರು ಅವನನ್ನು ಹತ್ತಿರ ಕರೆದು, 'ಇನ್ನು ಇದು ನನ್ನದು' ಎಂದು ಹೆಗಲು ಸವರಿದರೆ ತಪ್ಪು ಕಳೆಯಿತು, ಎಲ್ಲರೂ ಹಗುರ. ದೊಡ್ಡವರು ಆಡುವ ಮಕ್ಕಳಾಟ ಎಂದು ನಾನು ನಕ್ಕಿದ್ದೆ. ಆದರೆ ಹೆಂಡತಿಯನ್ನು ನಾಟಿ ಔಷಧಿಯ ಮೇಲೆ ಬಿಟ್ಟು ಕೊಂದುಬಿಟ್ಟೆ ಎಂಬ ಕೊರಗು ಅವನೊಳಗಿತ್ತು. ಹೆಗಲು ಸವರಿಸಿಕೊಂಡ ದಿನ ನಿದ್ದೆ ಬರುತ್ತದೆ ಅಕ್ಕ ಎಂದ. ಅದನ್ನು ಕೇಳಿದ ಮೇಲೆ ಬಯ್ಯಲು ನನಗೆ ಮನಸ್ಸಾಗಲಿಲ್ಲ.

ಕುಡಿತ ಬಿಡಿಸಿ ಎಂದು ಮನೆಯವರು ಆ ಆಶ್ರಮದಲ್ಲಿ ತಂದು ಬಿಟ್ಟಿದ್ದ ಆಟೋ ಹುಡುಗನೊಬ್ಬ ಇದ್ದ, ವಿಜಯ್‌ಕುಮಾರ್ ಎಂದು. ಒಂದು ಸಂಜೆ ಅವನು ಕದ್ದು ಕುಡಿದು ಬಂದ. ತಲೆಗೆ ದೊಣ್ಣೆಯ ಏಟು ಬಿದ್ದು ಸತ್ತ. ಹೊಡೆದದ್ದು ನಾನು ಎಂದು ದೇವಯ್ಯ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ. ಯಾರಾದರೂ ಹೇಳಿಕೊಟ್ಟಿದ್ದಾರೆಯೇ, ಯೋಚನೆ ಮಾಡಿ ಹೇಳಿ ಎಂದು ಅವರು ಮತ್ತೆ ಮತ್ತೆ ಕೇಳಿದರಂತೆ. ಇಲ್ಲ ಎಂದ. ಗುರು ಆಗ ಪೂಜೆಯಲ್ಲಿದ್ದರು ಎಂದು ಅವನ ಜೊತೆಯಲ್ಲೇ ಉಂಡು ಮಲಗಿದ್ದ ಶಿಷ್ಯರೆಲ್ಲ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಒಬ್ಬರೂ ನನ್ನ ತಮ್ಮನ ಕಡೆ ತಿರುಗಿ ನೋಡಲಿಲ್ಲ. ನಂಬಿಸಿ ಕತ್ತು ಕುಯ್ಯುವುದು ಎಂದರೆ ಇದೇ.

ತೇಜಸ್ವಿನಿ ಮಾತ್ರ ಒಪ್ಪಲಿಲ್ಲ. ನಾಯಿಗೂ ಕಲ್ಲು ಎಸೆಯದ ಅಪ್ಪ ಮನುಷ್ಯನ ತಲೆ ಒಡೆಯುತ್ತಾನೆಯೇ ಎಂಬುದು ಅವಳ ವಾದ. ಜೈಲಿಗೆ ಹೋದಾಗಲೆಲ್ಲ ಜಾಲರಿಯ ಆಚೆ ನಿಂತ ಅಪ್ಪನಿಗೆ ಅವಳದು ಒಂದೇ ಪ್ರಶ್ನೆ.

"ಹೊಡ್ದಿದ್ದು ಯಾರಪ್ಪ? ನನಗೊಬ್ಬಳಿಗೆ ಹೇಳು."

"ನಾನೇ ಕಣವ್ವ."

ಮೊದಮೊದಲು ಅವಳು ಬಸ್ಸಿನಲ್ಲಿ ಅಳುತ್ತಾ ಬರುತ್ತಿದ್ದಳು. ಆಮೇಲೆ ಅಳು ನಿಂತಿತು. ಕೊಲೆಗಾರನ ಮಗಳು ಎಂದು ಕಾಲೇಜಿನಲ್ಲಿ ಅಂದವರಿಗೆ, ಹೌದು, ಏನೀಗ ಎನ್ನುವುದನ್ನು ಕಲಿತಳು. ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ.

ಕಳೆದ ವರ್ಷ ಜೈಲಿನಲ್ಲಿ ಕೈದಿಗಳಿಗೆ ಪ್ರವಚನ ಏರ್ಪಾಡಾಯಿತು. ಬಂದದ್ದು ಯಾರು ಅಂದುಕೊಂಡಿರಿ? ಅದೇ ಬಿಳಿ ಗಡ್ಡ. ದೇವಯ್ಯ ಬೆಳಿಗ್ಗೆಯೇ ಸ್ನಾನ ಮಾಡಿ ಮುಂದಿನ ಸಾಲಿನಲ್ಲಿ ಕುಳಿತಿದ್ದನಂತೆ. ಇಷ್ಟು ವರ್ಷ ಅವನು ಕಾದದ್ದೇ ಇದಕ್ಕೆ. ಗುರು ಬರುತ್ತಾರೆ, ಹೆಗಲು ಸವರುತ್ತಾರೆ, ಇನ್ನು ಇದು ನನ್ನದು ಎನ್ನುತ್ತಾರೆ. ಕೋರ್ಟು ಬಿಡಲಿ ಬಿಡದಿರಲಿ, ಅಷ್ಟಾದರೆ ಸಾಕಿತ್ತು ಅವನಿಗೆ. ನನ್ನ ತಮ್ಮ ಇಷ್ಟು ಪೆದ್ದ ಎಂದು ನನಗೂ ಗೊತ್ತಿರಲಿಲ್ಲ.

ಆಮೇಲೆ ನಾವಿಬ್ಬರೂ ನೋಡಲು ಹೋದಾಗ ಅವನೇ ಹೇಳಿದ.

"ಪ್ರಸಾದ ಕೊಡುವಾಗ ನಿನ್ನ ಹೆಸರೇನಪ್ಪ ಅಂತ ಕೇಳ್ದ ಅಕ್ಕ. ದೇವಯ್ಯ ಅಂದೆ. ಮಾಡಿದ್ದನ್ನ ಅನುಭವಿಸಿ ಮುಗಿಸ್ಕೊ, ಒಳ್ಳೇದಾಗ್ಲಿ ಅಂದ."

"ಮರ್ತಿರ್ಬೇಕು ಬುಡು," ಎಂದೆ.

"ಮರ್ತಿದ್ರೆ ಸೈಸ್ಕೊಬೋದಿತ್ತು. ಮರ್ತಿರ್ಲಿಲ್ಲ. ನನ್ನ ಮೊಖ ನೋಡಿ ಹೆಗಲ ಕಡೆ ಕೈ ಎತ್ತಿದೋನು ಹಂಗೇ ಹಿಂದಕ್ಕೆ ಎಳ್ಕೊಂಡ." ಅದುವರೆಗೆ ಅವನ ಬಾಯಲ್ಲಿ ಗುರು ಎಂದೂ ಏಕವಚನವಾಗಿರಲಿಲ್ಲ.

ಆಮೇಲೆ ಮಗಳ ಕಡೆ ತಿರುಗಿದ. "ಹೊಡ್ದಿದ್ದು ನಾನಲ್ಲ ಕಣವ್ವ, ಅವನು. ಹುಡುಗ ಸತ್ತ ಮೇಲೆ ಎಲ್ರನ್ನೂ ಕೂರ್ಸಿ, ಹೊರೆ ಯಾರ್ದು ಅಂತ ಕೇಳ್ದ. ನಾನು ಎದ್ಬುಟ್ಟೆ."

ನನಗೆ ಜಾಲರಿ ಕಿತ್ತು ತಮ್ಮನ ಕಪಾಳಕ್ಕೆ ಬಾರಿಸುವಷ್ಟು ಕೋಪ ಬಂತು, ತಬ್ಬಿಕೊಂಡು ಅಳುವಷ್ಟು ದುಃಖವೂ ಬಂತು. ವಕೀಲರನ್ನು ಹಿಡಿಯಬೇಕು, ಯಾರ ಕಾಲಿಗೆ ಬಿದ್ದರೆ ಆದೀತು ಎಂದು ನಾನು ಆಗಲೇ ಲೆಕ್ಕ ಹಾಕತೊಡಗಿದ್ದೆ. ತೇಜಸ್ವಿನಿ ಮಾತ್ರ ಅಲುಗಾಡದೆ ನಿಂತಿದ್ದಳು.

"ಅಷ್ಟು ಸಲ ಕೇಳಿದೆನಲ್ಲಪ್ಪ," ಎಂದಳು. "ಅವನಿಗೋಸ್ಕರ ನನಗೆ ಸುಳ್ಳು ಹೇಳಿದ್ಯಾ? ನೀನು ಕೊಲೆಗಾರ ಅಂತ ನಂಬೋಕೆ ನಾನೆಷ್ಟು ಕಷ್ಟಪಟ್ಟಿದ್ದೀನಿ ಗೊತ್ತಾ?"

ಗುರು ದೇವಯ್ಯನಿಗೆ ಮಾಡಿದ್ದನ್ನೇ ಅವನು ಮಗಳಿಗೆ ಮಾಡಿದ್ದ. ಅದು ಅವನಿಗೆ ಆಗ ಹೊಳೆಯಿತು ಎಂದು ಕಾಣುತ್ತದೆ, ಜಾಲರಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಅವನು ಹೊಡೆಯೋವಾಗ ನೀನೆಲ್ಲಿದ್ದೆ?" ಎಂದು ಅವಳು ಕೇಳಿದಳು.

ನಾವು ಯಾರೂ ಕೇಳದೇ ಇದ್ದ ಪ್ರಶ್ನೆ ಅದು.

"ಅಲ್ಲೇ ಇದ್ದೆ," ಎಂದ. "ಹುಡುಗನ ಕೈ ಎರಡೂ ಹಿಡ್ಕೊಂಡಿದ್ದೆ. ಹಿಡ್ಕೊ ಅಂದ, ಹಿಡ್ಕೊಂಡೆ."

"ಆ ಹುಡುಗ ಏನಾದ್ರೂ ಅಂದನಾ?"

"ಬುಡಣ್ಣ ಅಂದ."

ತೇಜಸ್ವಿನಿ ಜಾಲರಿಗೆ ಇನ್ನಷ್ಟು ಹತ್ತಿರ ಬಂದು ಅಪ್ಪನ ಮುಖ ನೋಡಿದಳು. "ಬುಟ್ಯಾ?"

ದೇವಯ್ಯ ತಲೆ ತಗ್ಗಿಸಿದ. ಅವಳು ಕಾದಳು, ಪೊಲೀಸಿನವನು ಟೈಮಾಯ್ತು ಎನ್ನುವವರೆಗೂ ಕಾದಳು.